ಮೊಗ್ಗೋ, ಹುಳುವೋ

ನಲವತ್ತು ವರ್ಷ ಬಾಯಿಗಳೊಳಗೆ ಇಣುಕಿದವಳು ನಾನು.
ಮೊಜಿ ದಾಸ್ ಕ್ರೂಜೆಸ್ಸಿನ ಅರ್ಧ ಜನರನ್ನು
ಮುಖಕ್ಕಿಂತ ಮೊದಲು ದವಡೆಯಿಂದ ಗುರುತಿಸುತ್ತೇನೆ.
ಈ ಬೊನ್ಸಾಯ್ ಬಂದದ್ದೂ ಒಂದು ಬಾಯಿಯ ಲೆಕ್ಕಕ್ಕೇ:
ಬಸ್ ಡಿಪೋದ ಮೆಕ್ಯಾನಿಕ್ ಒನೊಫ್ರೆ
ಹಲ್ಲುಸೆಟ್ಟಿನ ಬಾಕಿಗೆಂದು
ಎರಡೂ ಕೈಯಲ್ಲಿ ಎತ್ತಿ ತಂದಿಟ್ಟ.
ಮೊಳದುದ್ದದ ಜಬೂಟಿಕಾಬಾ, ಚಪ್ಪಟೆ ಕುಂಡ,
ಸೀಬೆಯ ಹಾಗೆ ಸಿಪ್ಪೆ ಸುಲಿಯುವ ಮೈ.
"ಡಾಕ್ಟ್ರೇ, ಇದು ಕೊಂಬೆ ತುದೀಲಿ ಹೂ ಬಿಡೋಲ್ಲ,
ಬೊಡ್ಡೆಯ ಮೇಲೇ ಬಿಡುತ್ತೆ. ಇನ್ನೂ ಬಿಟ್ಟಿಲ್ಲ.
ನನಗೆ ಹಲ್ಲೂ ಮುಗೀತು, ತಾಳ್ಮೆಯೂ ಮುಗೀತು."

ಆಗಸ್ಟಿನಲ್ಲಿ, ಇಲ್ಲಿ ಚಳಿ ಕಾಲ್ಕೀಳುವ ಹೊತ್ತಿಗೆ,
ಬೊಡ್ಡೆಯ ಮೇಲೆ ಸಾಸಿವೆಗಿಂತ ದಪ್ಪ, ಮೆಣಸಿಗಿಂತ ಸಣ್ಣ
ಗುಬುಟುಗಳು. ಫೋನು ಮಾಡಿದೆ. "ಮೊಗ್ಗು!" ಎಂದೆ.
ಒನೊಫ್ರೆ ಹೆಂಡತಿ ಸಮೇತ ಓಡಿ ಬಂದ.
ಜೋಳದ ಕೇಕು ಕೊಯ್ದೆವು.

ನಾಲ್ಕನೆಯ ದಿನ ಕುಂಡದಡಿಯ ಪೇಪರು
ಮೇಜಿಗೆ ಅಂಟಿಕೊಂಡಿತ್ತು.
ಎಳೆದರೆ ಗೋಲ್‌ಕೀಪರನ ಅರ್ಧ ಮುಖ ಮಾತ್ರ ಬಂತು.
ಎಲೆಗಳ ಮೇಲೆ ಸಕ್ಕರೆಪಾಕದ ಮಿರುಗು,
ಕೆಳಗಿನೆಲೆಗೆ ಒಲೆಮಸಿಯಂಥ ಕಪ್ಪು,
ಬೊಡ್ಡೆಗುಂಟ ಇರುವೆ ಸಾಲು.
ಇರುವೆ ಬಿಟ್ಟಿ ಹತ್ತುವ ಜಾತಿಯಲ್ಲ.

ಹಳೆಯ ಚೀಲ ಬಿಚ್ಚಿದೆ: ಹಣೆಗೆ ದೀಪ,
ಉದ್ದ ಹಿಡಿಯ ಪುಟ್ಟ ಕನ್ನಡಿ,
ಹಲ್ಲಿನ ಕಿಟ್ಟ ಕೆರೆಯುವ ಉಕ್ಕಿನ ಕೊಕ್ಕೆ.
"ಬಾಯಿ ತೆಗಿ" ಎಂದೆ ಗಿಡಕ್ಕೆ, ರೂಢಿಬಲ.

ಮೊದಲನೆಯದು ಕವುಚಿದ ಬಟ್ಟಲಿನಂತೆ ಕಳಚಿತು.
ಅಡಿಯಲ್ಲಿ ಕಿತ್ತಳೆ ಬಣ್ಣದ ಹಸಿ.
ಎರಡನೆಯದು ಒಣ ಮುಚ್ಚಳ.
ತಾಯಿ ಸತ್ತು ಸೂರಾಗಿದ್ದಳು,
ಒಳಗೆ ಮೊಟ್ಟೆ, ಪೌಡರಿನಷ್ಟು ನುಣುಪು.
ಶಲ್ಕ ಕೀಟ. ನಡೆಯುವುದನ್ನೇ ಮರೆತು
ಕೂತಲ್ಲೇ ಸೂಜಿಬಾಯಿ ಊರಿ ಕುಡಿಯುತ್ತ ಕುಡಿಯುತ್ತ
ತೊಗಟೆಯ ಬಣ್ಣಕ್ಕೇ ತಿರುಗಿಬಿಡುವ ಬಾಡಿಗೆದಾರ.

ಹುಳವೇ ಇಲ್ಲದ ಹುಳುಕು ಹಲ್ಲು ತುಂಬುತ್ತ
ಆಯುಸ್ಸು ಕಳೆದವಳಿಗೆ
ಕೊನೆಗೂ ಸಿಕ್ಕಿತು ನಿಜವಾದ ಹುಳ.

ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿದೆ,
ಉದುರಿದ್ದು ಬೇರಿಗೆ ಇಳಿಯದಂತೆ.
ಒಂದೊಂದಕ್ಕೂ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿ,
ಏಳುವ ಸಿಪ್ಪೆಯ ಸಂದಿಗೆ ಮಗುವಿನ ಬ್ರಶ್ಶು.
ಬಿಸಿಲಿಳಿದ ಮೇಲೆ ಎಣ್ಣೆ ಬೆರೆತ ನೀರು, ಎಲೆಯ ಬೆನ್ನಿಗೂ.
ಹತ್ತು ದಿನಕ್ಕೆ ಮತ್ತೆ. ಮತ್ತೆ ಹತ್ತು ದಿನಕ್ಕೆ,
ಮುಚ್ಚಳದಡಿ ಉಳಿದದ್ದು ಹೊರಟೇ ಹೊರಡುತ್ತದಲ್ಲ.
ಕೊಂಬೆಗೆ ಟೇಪು ಸುತ್ತಿದೆ, ಅಂಟು ಹೊರಗಾಗಿ:
ಬೆಳಗ್ಗೆ ಅದರ ಮೇಲೆ ಅರಿಸಿನದ ಧೂಳು,
ಕಣ್ಣಿಟ್ಟು ನೋಡಿದರೆ ಕಾಲಾಡಿಸುವ ಧೂಳು.
ಮೇಜಿನ ಕಾಲುಗಳಿಗೆ ನೀರಿನ ಬಟ್ಟಲು.
ಇರುವೆಗಳು ದಡದಲ್ಲಿ ಸಭೆ ಸೇರಿ ಚದುರಿದವು.

ಅರವತ್ತಮೂರನೆಯದಕ್ಕೆ ಕೊಕ್ಕೆ ಹಾಕಿದೆ. ಬರಲಿಲ್ಲ.
ಒತ್ತಿದೆ.
ಹಸಿರು.

ಇವಾನೀಸೆ ಎಂಬ ಹುಡುಗಿ. ಹದಿಮೂರು ವರ್ಷ.
ಎಡಗಡೆಯದಕ್ಕೆ ಬದಲು ಬಲಗಡೆಯದು ಕಿತ್ತಿದ್ದೆ.
ಹಾಲುಹಲ್ಲಲ್ಲ.
"ಇದೂ ಹಾಳಾಗುತ್ತಿತ್ತು" ಎಂದೆ ಅವಳಮ್ಮನಿಗೆ.
ಆಕೆ ಕೈಮುಟ್ಟಿ ಉಪಕಾರ ನೆನೆದು
ಎರಡೂ ಹಲ್ಲಿಗೆ ದುಡ್ಡು ಕೊಟ್ಟು ಹೋದಳು.

ಕೊಕ್ಕೆ ಕೆಳಗಿಟ್ಟೆ.
ಅನುಮಾನದವು ಇನ್ನೂ ಮೂರಿದ್ದವು.
ಪಕ್ಕದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಕಾದೆ.
ಒಂದರಡಿಯಿಂದ ಮರಿಗಳು ಹೊರಟವು; ಟೇಪು ಹಿಡಿಯಿತು.
ಎರಡು, ಸೆಪ್ಟೆಂಬರಿನ ಒಂದು ಬೆಳಗ್ಗೆ,
ಬಿಳಿ ಕೇಸರ ಕೆದರಿ ನಿಂತಿದ್ದವು,
ಎದ್ದ ತಕ್ಷಣದ ನನ್ನ ತಲೆಯ ಹಾಗೆ.

ಒನೊಫ್ರೆ ಬಂದು, ಬಗ್ಗಿ, ಎಣಿಸಿ,
ನಾನೇ ಮಾಡಿಕೊಟ್ಟ ಹಲ್ಲಲ್ಲಿ ನಕ್ಕ.
"ಎರಡೇ ಬಿಟ್ಟಿತಾ ಡಾಕ್ಟ್ರೇ?"

"ಮೂರು" ಎಂದೆ.
"ಒಂದನ್ನು ನಾನೇ ಕಿತ್ತೆ."