ಗಾಳಿಯ ಕೊಳ

ಮೊದಲು ಅದುರಿದ್ದು ಎಡಗಣ್ಣಿನ ಕೆಳರೆಪ್ಪೆ,
ಬೆಂಡಿಗೋ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ,
ಡಾಕ್ಟರ ಬಾಯಿಂದ ಬಿದ್ದ ಗಡ್ಡೆಯೆಂಬ ಮಾತನ್ನು
ನನ್ನ ಕೈಗಳು ನೆವಿಲ್‌ನ ಕಣ್ಣಿಗೆ ದಾಟಿಸುವಾಗ.

ತಿಂಗಳೊಳಗೆ ಹುಬ್ಬಿಗೆ ಹತ್ತಿತು, ಕೆನ್ನೆಗಿಳಿಯಿತು.
ಕಿವುಡರ ಭಾಷೆಯಲ್ಲಿ ಮುಖವೇ ವ್ಯಾಕರಣ:
ಹುಬ್ಬು ಏರಿದರೆ ಪ್ರಶ್ನೆ.
ಗಡ್ಡೆ ಬೆಳೆದಿದೆ ಎಂದೆ ಕೈಯಲ್ಲಿ,
ಬೆಳೆದಿದೆಯಾ ಎಂದಿತು ಹುಬ್ಬು.
ನನ್ನನ್ನೇ ಕೇಳುತ್ತೀಯಲ್ಲ, ಎಂದ ನೆವಿಲ್.

ಮೆಲ್ಬರ್ನಿನ ನರತಜ್ಞ ಸ್ಕ್ಯಾನು ಬೆಳಕಿಗೆ ಹಿಡಿದು
ಏನೂ ಇಲ್ಲ ಎಂದ.
ಆ ಏನೂ ಇಲ್ಲದ್ದು ದಿನಕ್ಕೆ ನಾನೂರು ಸಲ ಕುಣಿಯಿತು.

ಎಡಗಣ್ಣು ಅದುರಿದರೆ ಹೆಣ್ಣಿಗೆ ಒಳ್ಳೇದೇ ಕಣೇ,
ಎಂದಳು ಶಿಡ್ಲಘಟ್ಟದಿಂದ ಸೋದರತ್ತೆ, ಫೋನಿನಲ್ಲಿ.
ನಮ್ಮಲ್ಲೂ ಎಡಗಣ್ಣೆಂದರೆ ಹಣ ಬರುತ್ತೆ,
ಎಂದಳು ಲಾಮ್ ಸೂಕ್-ಯೀ,
ಎಂಬತ್ತೈದು ಡಾಲರಿನ ರಸೀದಿ ಹರಿಯುತ್ತ.
ಯಾರಿಗೆ ಎಂದು ಹೇಳಲಿಲ್ಲ.

ಬೂಟು ರಿಪೇರಿ ಅಂಗಡಿಯ ಹಿಂದೆ ಅವಳ ಕೋಣೆ.
ಕಿಟಕಿಯಾಚೆ ಗಣಿ ತೋಡಿದ ಮಣ್ಣಗುಡ್ಡೆ, ಒಂದು ಮೆಣಸಿನ ಮರ,
ಜನವರಿಯ ಉತ್ತರದ ಗಾಳಿ, ಕಣ್ಣು ತುಂಬ ಧೂಳು.
ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು
ಗೋಡೆಗೆ ಕಿವಿಗೊಟ್ಟವಳ ಹಾಗೆ ಕೂತಳು.
ನಾಲಿಗೆ ನೋಡಿದಳು. ರಕ್ತ ತೆಳು, ಎಂದಳು,
ಬೇರಿಗೆ ನೀರಿಲ್ಲದ ಮರ. ಅಂಥ ಮರದಲ್ಲಿ
ಗಾಳಿ ಒಳಗಿಂದಲೇ ಏಳುತ್ತದೆ.
ನಿನ್ನದು ಲಿವರಿನ ಗಾಳಿ.

ನಕ್ಕುಬಿಟ್ಟೆ. ನಮ್ಮಲ್ಲಿ ಗಾಳಿ ಮಂಡಿಗಿಳಿದರೆ ವಾತ,
ನಡುಮಧ್ಯಾಹ್ನ ಹುಣಸೆಯಡಿ ಸೋಕಿದರೆ ಬೇವಿನ ಸೊಪ್ಪು.
ಲಿವರಿಗೆ ಹೊಕ್ಕದ್ದು ಕೇಳಿರಲಿಲ್ಲ.

ಅವಳು ನಗಲಿಲ್ಲ. ಸಿಟ್ಟನ್ನು ನುಂಗುತ್ತೀಯ? ಯಾರದ್ದು?

ಯಾರದ್ದಂತ ಹೇಳಲಿ.
ಹನ್ನೊಂದು ವರ್ಷದಿಂದ ನನ್ನ ಕೈ ‘ನಾನು’ ಎಂದಾಗೆಲ್ಲ
ಅದು ನಾನಲ್ಲ.
ನಾನು ಸಾಯುತ್ತೇನಾ, ನಾನು ಕದಿಯಲಿಲ್ಲ,
ನನ್ನ ಮಗುವನ್ನು ನನಗೆ ಕೊಡಿ,
ಎಲ್ಲವನ್ನೂ ಗಂಟೆಯ ಲೆಕ್ಕದಲ್ಲಿ ಆಡಿ
ಕಾರಿನಲ್ಲಿ ಕೂತು ತಣ್ಣಗಾದ ಬನ್ನು ತಿಂದಿದ್ದೇನೆ.

ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದು ಸೂಜಿ,
ಪಾದದ ಹೆಬ್ಬೆಟ್ಟಿನ ಪಕ್ಕ ಒಂದೊಂದು:
ನಾಲ್ಕು ಬಾಗಿಲು ತೆರೆದೆ, ಎಂದಳು.
ಹಿಂದಲೆಯ ಬುಡದ ಎರಡು ಗುಳಿಗೆ ಎರಡು.
ಅವಕ್ಕೆ ಗಾಳಿಯ ಕೊಳ ಎಂದು ಹೆಸರಂತೆ.
ಇಪ್ಪತ್ತೈದು ನಿಮಿಷ ನನ್ನ ಕೈ ಮೂಕ.
ಹೊರಗೆ ಯಾರದೋ ಬೂಟಿನ ಹಿಮ್ಮಡಿಗೆ ಮೊಳೆ ಬಡಿಯುವ ಸದ್ದು.

ಕಷಾಯದ ಪೊಟ್ಟಣದಲ್ಲಿ ಕೊಕ್ಕೆಮುಳ್ಳಿನ ಬಳ್ಳಿ,
ಅದರೊಳಗೆ ಬೆಳ್ಳಗೆ ಸೆಟೆದ ರೇಷ್ಮೆಹುಳು.
ಸುಣ್ಣಕಟ್ಟು! ಈ ರೋಗ ಬಂದ ವರ್ಷ ನಮ್ಮಪ್ಪ
ತಟ್ಟೆ ತಟ್ಟೆಯನ್ನೇ ಹೊತ್ತೊಯ್ದು ಸುಟ್ಟು
ಮೂರು ದಿನ ಯಾರೊಡನೆಯೂ ಮಾತಾಡಿರಲಿಲ್ಲ.
ಇಲ್ಲಿ ಅದನ್ನು ಗ್ರಾಮಿನಲ್ಲಿ ತೂಗಿ ಕೊಟ್ಟಳು.
ಮೂಗು ಹಿಡಿದು ಕುಡಿದೆ. ಅಪ್ಪನ ಮೌನದಷ್ಟೇ ಕಹಿ.

ವಾಸಿಯಾಯಿತೇ ಎಂದರೆ, ಹತ್ತನೇ ವಾರಕ್ಕೆ
ನಾನೂರು ಹೋಗಿ ನಲವತ್ತಾಯಿತು.
ಸೂಜಿಯೋ, ಹುಳುವೋ, ವಾರಕ್ಕೊಮ್ಮೆ
ಯಾರ ಮಾತನ್ನೂ ಹೊರದೆ ಮಲಗಿದ್ದೋ,
ಲಾಮ್‌ಗೆ ಗೊತ್ತು. ನನಗೆ ಗೊತ್ತಿಲ್ಲ.

ಆಮೇಲೊಂದು ದಿನ ಕಾರಿಡಾರಿನಲ್ಲಿ ನೆವಿಲ್,
ಕೂದಲಿಲ್ಲದ ತಲೆಗೆ ಹೆಂಡತಿ ಹೆಣೆದ ಟೋಪಿ.
ದೂರದಿಂದಲೇ ಬೆರಳನ್ನು ಎಡಗಣ್ಣಿನ ಕೆಳಗೆ ಕೊಕ್ಕೆ ಮಾಡಿ
ಎರಡು ಸಲ ಮಿಡಿದ.
ಯಾರದು ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ.
ಅದು ನನ್ನ ಹೆಸರು.
ಎಂಟು ತಿಂಗಳಿಂದ ಊರಿನ ಕಿವುಡರೆಲ್ಲ
ನನ್ನನ್ನು ಕರೆಯುತ್ತಿದ್ದುದು ಹಾಗೆ.

ಹತ್ತಿರ ಬಂದು ನನ್ನ ನಿಂತ ಮುಖ ನೋಡಿದ.
ಮತ್ತೆ ಮಿಡಿದ, ಈ ಸಲ ಹುಬ್ಬೇರಿಸಿ: ನೀನೇನಾ?

ನಾನು, ಎಂದೆ, ಎದೆಗೆ ಬೆರಳಿಟ್ಟು.
ಅದಕ್ಕೆ ಬಿಲ್ಲು ಬರೆಯಲಿಲ್ಲ.
ರೆಪ್ಪೆ ಅದುರಿತೋ ಇಲ್ಲವೋ, ನನ್ನ ಮುಖ ನನಗೆ ಕಾಣದು.
ಅವನು ಓದಿಕೊಂಡ.