ನಡುವಿನ ಚಿತ್ರಗಳು

ಮೊದಲ ಚಿತ್ರ ಬೇರೆ ಯಾರೋ ಬರೆದಿರುತ್ತಾರೆ,
ಕೊನೆಯದನ್ನೂ ಅವರೇ.
ನನ್ನ ಪಾಲಿಗೆ ಬರುವುದು ನಡುವಿನವು:
ಕೈ ಎತ್ತಿದ್ದಕ್ಕೂ ಇಳಿಸಿದ್ದಕ್ಕೂ ಮಧ್ಯೆ
ಹನ್ನೊಂದೋ ಇಪ್ಪತ್ತೆರಡೋ,
ಒಂದಕ್ಕೆ ಇಷ್ಟು ರೂಪಾಯಿ ಅಂತ.

ದಾವಣಗೆರೆ, ಭಟ್ಟಿ ಲೇಔಟಿನ ಹಿಂದಿನ ಬೀದಿ,
ಮಹಡಿಯ ಮೇಲೆ ತಗಡಿನ ಕೋಣೆ.
ಕಿಟಕಿ ತೆಗೆದರೆ ಮಂಡಕ್ಕಿಯ ಘಮ, ಟೈರಿನ ಹೊಗೆ,
ಯಾವುದು ಮೊದಲು ಬರುತ್ತದೋ ಗಾಳಿಯ ಮರ್ಜಿ.

ಈ ಸಲದ್ದು ದೊಡ್ಡವರ ಕಾರ್ಟೂನು.
"ಕಾರ್ಟೂನಂದ್ರ ಹುಡುಗರದ್ದಲ್ಲೇನವಾ?"
ಕೆಳಗಿನ ಮನೆ ಕೊಟ್ರಬಸಮ್ಮ ಕೇಳಿದಳು.
ಅಲ್ಲ, ಇದರಲ್ಲಿ ಲೋಕ ಮುಗಿಯುತ್ತೆ ಅಂದೆ.
"ಯಾವಾಗ?"
ಹತ್ತನೇ ಕಂತಿಗೆ.
"ಹಂಗಾರ ಇನ್ನಾ ಟೈಮೈತಿ ಬಿಡು" ಅಂದವಳೇ
ಒಣಹಾಕಿದ ಶಾವಿಗೆ ತಿರುವಲು ಹೋದಳು.

ಕಥೆಯ ಊರಲ್ಲಿ ಆಕಾಶ ಬಿರುಕು ಬಿಟ್ಟಿದೆ,
ದಿನಕ್ಕೊಂದು ನೂಲೆಳೆಯಷ್ಟು ಅಗಲ.
ಕೆಲವರು ಬಟ್ಟೆ ಕಿತ್ತೊಗೆದು ಬೀದಿಯಲ್ಲಿ ಕುಣಿಯುತ್ತಾರೆ,
ಕೆಲವರು ಸಾಲ ಎತ್ತಿ ವಿಮಾನ ಹತ್ತುತ್ತಾರೆ,
ತೀರಿಸುವ ಮಾತೇ ಇಲ್ಲವಲ್ಲ.
ಒಬ್ಬ ಮ್ಯಾನೇಜರು ತನ್ನದೇ ಬ್ಯಾಂಕಿನ ಗಾಜಿಗೆ ಕಲ್ಲು ಬೀರಿ
ಎಷ್ಟೋ ಹೊತ್ತು ನಗುತ್ತಾನೆ.
ಅವೆಲ್ಲ ಬೇರೆಯವರ ಪಾಲು.
ನನಗೆ ಬಂದದ್ದು ಒಬ್ಬ ಹೆಂಗಸು, ಐವತ್ತರ ಆಸುಪಾಸು,
ಹರಿದ ದುಪ್ಪಟಿ ಹೊಲಿಯಲೆಂದು
ಸೂಜಿಗೆ ದಾರ ಪೋಣಿಸುವವಳು.
ದೃಶ್ಯ ನಲವತ್ತೇಳು. ಮಾತಿಲ್ಲ. ಸಂಗೀತವಿಲ್ಲ.

ಬರೆದು ಕಳಿಸಿದೆ. ವಾಪಸ್ಸು ಬಂತು:
'ಬೇಗ ಆಯಿತು. ಈಕೆಗೆ ಅವಸರವಿಲ್ಲ.'
ಮತ್ತೆ ಬರೆದೆ. ಮತ್ತೆ ವಾಪಸ್ಸು:
'ನಿಧಾನ ಆಯಿತು. ಈಕೆಗೆ ದುಃಖವೂ ಇಲ್ಲ.'

ಅವಸರವಿಲ್ಲ, ದುಃಖವಿಲ್ಲ,
ಕಿಟಕಿಯಲ್ಲಿ ಬಿರುಕು ಕಾಣುತ್ತಲೇ ಇದೆ.
ಇಂಥ ಕೈ ಎಲ್ಲಿಂದ ತರಲಿ?

ಅಪ್ಪನ ಮುಂದೆ ಸೂಜಿ ಹಿಡಿದೆ.
ಇಪ್ಪತ್ತಾರು ವರ್ಷ ಮಿಲ್ಲಿನಲ್ಲಿ
ಕಡಿದ ಎಳೆ ಕೂಡಿಸಿದ ಕೈ ಅದು.
ಹತ್ತಿ ಇನ್ನೂ ಎದೆಯಲ್ಲಿದೆ, ಕೆಮ್ಮಿದಾಗ ಗೊತ್ತಾಗುತ್ತದೆ.
ಯಾಕೆ ಅಂತ ಕೇಳಲಿಲ್ಲ. ದಾರದ ತುದಿ ನಾಲಗೆಗೆ ತಾಗಿಸಿ
ಬೆರಳಲ್ಲಿ ಹೊಸೆದು
ಟ್ಯೂಬ್‌ಲೈಟಿಗೆ ಎದುರು ಎತ್ತಿ
ಒಂದು ಕಣ್ಣು ಮುಚ್ಚಿದ.
ತಪ್ಪಿತು.
ಸೂಜಿಯನ್ನು ಬೈದ.
ಮತ್ತೆ ತಪ್ಪಿತು. ಈ ಸಲ ಬೈದದ್ದು ಟ್ಯೂಬ್‌ಲೈಟನ್ನು.
ಮೂರನೇ ಸಲ ತಪ್ಪಿದಾಗ ಯಾರನ್ನೂ ಬೈಯಲಿಲ್ಲ,
ತುದಿಯನ್ನು ಹಲ್ಲಲ್ಲಿ ಕಡಿದು
ಹೊಸ ತುದಿ ಮಾಡಿಕೊಂಡ.

ಗೀಚಿಕೊಳ್ಳುತ್ತಲೇ ಕೇಳಿದೆ,
ಮಿಲ್ಲಿನ ಕೊನೇ ಪಾಳಿ, ಅವತ್ತು ಏನು ಮಾಡಿದ್ಯಪ್ಪ?
"ಬೋರ್ಡಿಗೆ ಹಚ್ಚಿ ಹದಿನೈದು ದಿನ ಆಗಿತ್ತು. ಎಲ್ಲಾರಿಗೂ ಗೊತ್ತಿತ್ತು."
ಸರಿ, ನೀನೇನು ಮಾಡಿದೆ?
"ಮಿಶನ್ನಿಗೆ ಎಣ್ಣಿ ಬಿಟ್ಟೆ."
ಮುಚ್ಚೋ ದಿನಾನಾ?
"ಕಿರ್ ಅಂತಿತ್ತು."

ಅಷ್ಟೇ. ದಾರ ತೂರಿಯಾಗಿತ್ತು.
ಗಂಟು ಹಾಕಿ ನನ್ನ ಕೈಗಿಟ್ಟು
ವಾರ್ತೆಗೆ ಸೌಂಡು ಜಾಸ್ತಿ ಮಾಡಿದ.

ರಾತ್ರಿಯೆಲ್ಲ ಕೂತು ಮೂರೂ ತಪ್ಪು ಬರೆದೆ,
ಎಪ್ಪತ್ತು ಚಿತ್ರ.
ಖೈರುನ್ನಿಸಾಳ ಭಟ್ಟಿ ಅಷ್ಟೊತ್ತಿಗೆ ಉರಿ ಹಿಡಿದು
ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು.
ಪರದೆಯ ಮೇಲೆ ಮಸಿ ಕೂತು
ಆಕಾಶಕ್ಕೆ ಇನ್ನೂ ನಾಲ್ಕು ಬಿರುಕು.
ವೇಲಿನಿಂದ ಒರೆಸಿದೆ.
ಒಂದು ಉಳಿಯಿತು, ಅದು ಕಥೆಯದು.

ಬೆಳಿಗ್ಗೆ ಫೋನು: 'ಚೆನ್ನಾಗಿದೆ. ಆದರೆ ಒಂದೇ ಸಲ ತಪ್ಪಲಿ,
ಇನ್ನೆರಡಕ್ಕೆ ದುಡ್ಡಿಲ್ಲ.'

ಹಾಗಾಗಿ ಲೋಕ ಮುಗಿಯುವ ಮುನ್ನ
ಆಕೆ ಒಂದೇ ಸಲ ತಪ್ಪುತ್ತಾಳೆ, ನೀವು ನೋಡುತ್ತೀರಿ.
ಮಿಕ್ಕ ನಲವತ್ತೆಂಟು ನನ್ನಲ್ಲೇ ಇವೆ.
ಓಡಿಸಿದರೆ ನಾಲ್ಕು ಸೆಕೆಂಡು.

ಅಪ್ಪ ಪೋಣಿಸಿದ ಸೂಜಿಯನ್ನು
ಕ್ಯಾಲೆಂಡರಿಗೆ ಚುಚ್ಚಿಟ್ಟಿದ್ದೇನೆ, ಈ ತಿಂಗಳ ಹಾಳೆಗೆ.
ಫ್ಯಾನು ತಿರುಗಿದಾಗೆಲ್ಲ
ಉಳಿದ ದಾರ ಅಷ್ಟಷ್ಟೇ
ಎರಡು ಮೂರು ತಾರೀಖುಗಳ ಮೇಲೆ ಆಡುತ್ತಿರುತ್ತದೆ.