ಎರಡನೇ ಬ್ರೇಕು

ನಮ್ಮ ಸ್ಕೂಲಿನ ಕಾರಿಗೆ ಎರಡು ಬ್ರೇಕು.
ಒಂದು ಕಲಿಯುವವರಿಗೆ,
ಇನ್ನೊಂದು ಎಡಗಡೆ ಸೀಟಿನಲ್ಲಿ, ನನ್ನ ಹವಾಯಿ ಚಪ್ಪಲಿಯ ಕೆಳಗೆ.
ಹನ್ನೊಂದು ವರ್ಷ ತುಳಿದು ತುಳಿದು
ಬಲಗಾಲಿನ ಚಪ್ಪಲಿ ಮಾತ್ರ ಸವೆಯುತ್ತದೆ.
ಬಸ್ಸಿನಲ್ಲಿ ಕೂತರೂ ತುಳಿಯುತ್ತೇನೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ;
ನಿದ್ದೆಯಲ್ಲಿ ತುಳಿದು
ಗಂಡನ ಗೊರಕೆ ನಿಲ್ಲಿಸಿದ್ದೇನೆ ಎರಡು ಸಲ.

ಬೆಳಿಗ್ಗೆ ಆರಕ್ಕೆ ದಾಕ್ಷಾಯಿಣಿ ಬರುತ್ತಾರೆ,
ಕೊಟ್ಟಿಗೆಪಾಳ್ಯದವರು, ವಯಸ್ಸು ನಲವತ್ತಾರು,
ಕೈಗೆ ಎಳ್ಳು, ಓಮದ ವಾಸನೆ.
ಅಂಗಡಿ ಅಂಗಡಿಗೆ ಚಕ್ಕುಲಿ ಹಾಕಲು
ಆಟೋದವರ ಜೊತೆ ಜಗಳವಾಡಿ ಸಾಕಾಗಿ
ಹಳೇ ಓಮ್ನಿ ಕೊಂಡಿದ್ದಾರೆ.
ಚಕ್ರಕ್ಕೆ ನಿಂಬೆಹಣ್ಣು ಕೊಟ್ಟಾಗಿದೆ,
ಕ್ಲಚ್ಚು ಬಿಡುವುದೊಂದು ಬರಬೇಕು.

"ಎಲ್ಲಿ ನಿಲ್ಲಿಸಲಿ ಮೇಡಂ?"
ಬಿಳಿ ಗೆರೆಯ ಹಿಂದೆ.
"ಗೆರೆ ಎಲ್ಲಿದೆ?"
ಇತ್ತು. ಪೈಪಿಗೆಂದು ಅಗೆದರು, ಮುಚ್ಚಿದರು,
ಕೇಬಲ್ಲಿಗೆಂದು ಅಗೆದರು.
ಇದೆ ಅಂದುಕೊಂಡು ನಿಲ್ಲಿಸಿ.

ಸುಮನಹಳ್ಳಿ ಸಿಗ್ನಲ್ಲು. ಕೆಂಪು.
ನಿಂತೆವು.
ಹಿಂದಿನ ಹಾಲಿನ ಟೆಂಪೋ ಕೊಟ್ಟ ಹಾರನ್ನಿಗೆ
ನಮ್ಮ ಕನ್ನಡಿ ನಡುಗಿ ಆಕಾಶ ತೋರಿಸಿತು.
ಪಕ್ಕಕ್ಕೆ ಬಂದು, ಕತ್ತು ಹೊರಗೆ ಹಾಕಿ,
ಡ್ರೈವರು ಕೇಳಿದ, ನಿಜವಾದ ಕಾಳಜಿಯಿಂದ:
"ಯಾಕಕ್ಕಾ, ಗಾಡಿ ಕೆಟ್ಟೋಯ್ತಾ?"
"ಇಲ್ಲಪ್ಪ, ಕೆಂಪಿದೆ" ಅಂದರು ದಾಕ್ಷಾಯಿಣಿ.
ಅವನು ದೀಪ ನೋಡಿದ, ಎಲ್ ಬೋರ್ಡು ನೋಡಿದ.
"ಓ, ಇನ್ನೂ ಕಲೀತಾ ಇದ್ದೀರಾ" ಅಂದು
ಹೊರಟೇ ಹೋದ.

ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಿಕೊಡುತ್ತೇನೆ, ಅದೇ ಫೀಜಿನಲ್ಲಿ.
ಬಲಗಡೆ ಇಂಡಿಕೇಟರ್ ಮಿಣುಕಿದರೆ ಬಲಕ್ಕೆ ಹೋಗುತ್ತಾನೆ ಅಂತಲ್ಲ,
ಬೆಳಿಗ್ಗೆ ಯಾವಾಗಲೋ ಹೋಗಿದ್ದ ಅಂತ.
ಆಟೋದಿಂದ ಒಂದು ಕಾಲು ಹೊರಗೆ ಬಂದರೆ
ಅದನ್ನು ಮಾತ್ರ ನಂಬಿ.
ಹೆಲ್ಮೆಟ್ಟನ್ನು ಮೊಣಕೈಗೆ ಹಾಕಿಕೊಂಡವನ
ಮೊಣಕೈಗೇನೂ ಆಗುವುದಿಲ್ಲ.
ಫುಟ್‌ಪಾತಿನ ಮೇಲೆ ಬೈಕು ಬಂದರೆ ಬೈಯಬೇಡಿ,
ನಡೆಯುವವರೆಲ್ಲ ಹೇಗೂ ರಸ್ತೆಯಲ್ಲಿದ್ದಾರೆ.

ಹೈವೇ ಪಾಠಕ್ಕೆ ತಾವರೆಕೆರೆ ದಾಟಿ ಮಾಗಡಿ ಕಡೆಗೆ.
ಅಲ್ಲಿ ಡಾಂಬರೇ ಕಣ.
ಅರ್ಧ ರಸ್ತೆಗೆ ಹುರುಳಿ ಹರವಿದ್ದಾರೆ,
ಅಂಚಿಗೆ ಸಾಲು ಕಲ್ಲು. ರಾತ್ರಿಗೂ ಅಲ್ಲೇ ಇರುತ್ತವೆ ಕಲ್ಲು.
ಮೊರ ಹಿಡಿದ ಹೆಂಗಸು ಕೈಬೀಸಿ ಕರೆಯುತ್ತಾಳೆ:
ಬನ್ನಿ, ಇದರ ಮೇಲೇ ಬನ್ನಿ.
ತಪ್ಪಿಸಿಕೊಂಡು ಹೋದರೆ ಶಾಪ.
ದಾಕ್ಷಾಯಿಣಿ ಮೇಲೇ ಓಡಿಸಿದರು.
"ಕಾಳಿನ ಸದ್ದು ಚೆನ್ನಾಗಿದೆ" ಅಂದರು.
ನನಗೆ ಏನು ಹೇಳಬೇಕೋ ತೋಚಲಿಲ್ಲ.

ವಾಪಸು ಬರುವಾಗ ಕತ್ತಲು.
ಮುಂದೆ ದೀಪವಿಲ್ಲದ ಟ್ರ್ಯಾಕ್ಟರು, ಹುಲ್ಲಿನ ಹೊರೆ,
ಹೊರೆಯ ಮೇಲೆ ಮಲಗಿದ ಹುಡುಗ;
ಅವನ ಮೊಬೈಲಿನ ಬೆಳಕೇ ಟೈಲ್ ಲೈಟು.
ಎದುರಿನಿಂದ ಹೈಬೀಮ್, ಕಣ್ಣಿಗೆ ಸುಣ್ಣ ಎರಚಿದಂತೆ.
ನಾವು ಡಿಮ್ ಮಾಡುತ್ತೇವೆ, ಅವನೂ ಮಾಡಲಿ ಎಂದು ಕಾಯುತ್ತೇವೆ,
ಕಾದು ಕಾದು ಪಕ್ಕಕ್ಕೆ ಸರಿಯುತ್ತೇವೆ,
ಸಂಸಾರದಲ್ಲಿ ಮಾಡುವ ಹಾಗೆ.

ಈಗ ನನ್ನದೂ ಒಂದಿದೆ, ಹೇಳಿಬಿಡುತ್ತೇನೆ.
ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಮನೆಯ ತಿರುವು ಅರವತ್ತು ಹೆಜ್ಜೆ,
ರಾಂಗ್ ಸೈಡಿನಲ್ಲಿ.
ಸರಿಯಾಗಿ ಹೋದರೆ ಯೂ ಟರ್ನಿಗೆ ಒಂದೂವರೆ ಕಿಲೋಮೀಟರು.
ಒಲೆಯ ಮೇಲೆ ಬೇಳೆ ಇಟ್ಟು ಬಂದಿರುತ್ತೇನೆ.
ತರಗತಿ ಮುಗಿಸಿ, ಸ್ಕೂಟರ್ ಹತ್ತಿ, ಅಂಚು ಹಿಡಿದು, ತಲೆ ತಗ್ಗಿಸಿ
ದಿನಾ ಹೋಗುತ್ತೇನೆ.

ಮೊನ್ನೆ ಎದುರಿಗೆ ಓಮ್ನಿ ಬಂತು.
ಲೈಸೆನ್ಸ್ ಸಿಕ್ಕಿ ಮೂರನೇ ದಿನ.
ಹಿಂದಿನ ಸೀಟಿನ ತುಂಬ ಚಕ್ಕುಲಿ ಡಬ್ಬಿ,
ಎರಡೂ ಕೈ ಸ್ಟೀರಿಂಗಿನ ಮೇಲೆ, ಹತ್ತಕ್ಕೊಂದು ಎರಡಕ್ಕೊಂದು,
ನಾನು ಹೇಳಿಕೊಟ್ಟ ಹಾಗೆಯೇ.
ನನ್ನನ್ನು ಕಂಡು ನಿಧಾನ ಮಾಡಿದರು, ನಿಂತರು.
ಹಾರನ್ ಒತ್ತಲಿಲ್ಲ.
ಎಡಕ್ಕೆ ಇಂಡಿಕೇಟರ್ ಹಾಕಿ, ಸರಿದು, ದಾರಿ ಬಿಟ್ಟರು:
ತಪ್ಪಿ ಬಂದವರಿಗೆ ಮೊದಲು ದಾರಿ ಬಿಡಿ,
ಸರಿ ತಪ್ಪು ಆಮೇಲೆ, ಬದುಕಿದ್ದರೆ,
ಅಂತ ನಾನೇ ಹೇಳಿದ್ದೆ.

ನನ್ನ ಬಲಗಾಲು ತಾನಾಗಿ ಒತ್ತಿತು.
ಸ್ಕೂಟರಿನಲ್ಲಿ ಅಲ್ಲಿ ಬ್ರೇಕಿಲ್ಲ.
ಒಂದು ಕೇಜಿ ಟೊಮೇಟೊ ಇತ್ತು.